ಡಬ್ಲಿನ್ನಿಂದ ಅಜ್ಜಂಪುರಕ್ಕೆ ಎಷ್ಟು ಹೊತ್ತು

ತರೀಕೆರೆ ಬಸ್ ನಿಲ್ದಾಣದಲ್ಲಿ ಅಜ್ಜಂಪುರದ ಬಸ್ಸು ಹೊರಡಲು ಇನ್ನೂ ಹತ್ತು ನಿಮಿಷವಿತ್ತು. ಓಂಕಾರಮೂರ್ತಿ ಹತ್ತಿ ಎಡಗಡೆಯ ಕಿಟಕಿಗೆ ಕೂತರು. ಬೆಳಗಿನ ಹೊತ್ತು ಪೂರ್ವಕ್ಕೆ ಹೋಗುವ ಬಸ್ಸಿನಲ್ಲಿ ಬಿಸಿಲು ಬಲಗಡೆ ಬೀಳುತ್ತದೆ. ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಹೇಳಿದವರಿಗೆ ಇದನ್ನು ಯೋಚಿಸಬೇಕಾಗಿರಲಿಲ್ಲ, ಕಾಲು ತಾನಾಗಿ ಆ ಕಡೆ ಹೋಗುತ್ತಿತ್ತು. ಮಗ್ಗುಲಿಗೆ ಬಂದು ಕೂತ ಹೆಂಗಸು ಈರುಳ್ಳಿ ಸಸಿಯ ಕಟ್ಟನ್ನು ಕಾಲ ಬಳಿ ಇಟ್ಟುಕೊಂಡು, "ಎಷ್ಟೊತ್ತಿಗೆ ಹೋಗುತ್ತೆ ಸಾ ಇದು ಅಜ್ಜಂಪುರಕ್ಕೆ?" ಎಂದು ಕೇಳಿದಳು. ನಲವತ್ತು ನಿಮಿಷ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಓಂಕಾರಮೂರ್ತಿ ಅದನ್ನು ಹಿಡಿದುಕೊಂಡು, "ಕಂಡಕ್ಟರ್‌ನ ಕೇಳಮ್ಮ" ಎಂದರು. ಆಕೆ ಇವರ ಕನ್ನಡಕ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನ ಪೆನ್ನು ನೋಡಿ, ಇಷ್ಟಕ್ಕೂ ಉತ್ತರ ಕೊಡದ ಮನುಷ್ಯ ಎಂಬಂತೆ ಮುಖ ತಿರುಗಿಸಿದಳು. ಹತ್ತು ತಿಂಗಳಿಂದ ಹೀಗಾಗಿತ್ತು. ಯಾರಾದರೂ ಎಷ್ಟು ದೂರ, ಎಷ್ಟು ಹೊತ್ತು ಎಂದು ಕೇಳಿದರೆ ಪ್ರಶ್ನೆಯನ್ನು ಇನ್ನೊಬ್ಬರ ಕಡೆ ದಾಟಿಸಿಬಿಡುತ್ತಿದ್ದರು.

ಹಿಂದಿನ ಸಂಜೆ ವೇಣು ಫೋನ್ ಮಾಡಿದ್ದ. ಅಜ್ಜಂಪುರದಲ್ಲಿ ಮೋಟರ್ ವೈಂಡಿಂಗ್ ಅಂಗಡಿ ಇಟ್ಟುಕೊಂಡಿರುವ ವೇಣು ಅವರ ಹಳೆಯ ವಿದ್ಯಾರ್ಥಿ. ಅವನ ಅಕ್ಕ ಮಾಯಾ ಕೂಡ. ಮಾಯಾ ಐರ್ಲೆಂಡಿನ ಡಬ್ಲಿನ್‌ನಲ್ಲಿ ನರ್ಸ್ ಆಗಿದ್ದಾಳೆ. ಈಗ ಏಳು ತಿಂಗಳ ಬಸುರಿ. ಬಾಣಂತನಕ್ಕೆ ತಾಯಿ ಹನುಮಂತಮ್ಮನನ್ನು ಕರೆಸಿಕೊಳ್ಳುವುದೆಂದು ವೀಸಾ ಆಗಿ, ಟಿಕೆಟ್ಟೂ ಬಂದಿತ್ತು. "ಸಾ, ಬುಧವಾರ ಹೊರಡ್ಬೇಕು. ಅಮ್ಮ ಈಗ ಹೋಗಲ್ಲ ಅಂತ ಕೂತ್ಬಿಟ್ಟೈತೆ. ಅಷ್ಟು ದೂರ ನಾನು ಹೋಗಲ್ಲ ಕಣೋ ಅಂತದೆ. ಎಷ್ಟು ದೂರ, ಎಷ್ಟೊತ್ತು ಅಂತ ನೀವೊಂದ್ಸಲ ಬಂದು ಬಿಡಿಸಿ ಹೇಳಿದ್ರೆ ಕೇಳ್ತದೆ ಸಾ. ನಿಮ್ಮ ಮಾತು ಅಂದ್ರೆ ಅಮ್ಮಂಗೆ ನಂಬಿಕೆ." ಬರುತ್ತೇನೆ ಎಂದು ಫೋನ್ ಇಟ್ಟ ಮೇಲೆ ಆ ಕೊನೆಯ ಮಾತು ಅವರೊಳಗೆ ಉಳಿದುಬಿಟ್ಟಿತು. ಊಟಕ್ಕೆ ಕೂತಾಗ ಹೆಂಡತಿ ಗುರುಶಾಂತಮ್ಮ, "ಮಜ್ಜಿಗೆ ಹಾಕಿದ್ದೀನಿ, ಸಾರು ಕಲಸ್ತಾ ಇದ್ದೀರಲ್ಲ" ಎಂದು ನಕ್ಕಿದ್ದರು.

ಬಸ್ಸು ಹೊರಟಿತು. ರೈಲ್ವೆ ಗೇಟು ದಾಟಿ, ಕಾಲುವೆಗೆಂದು ಅಗೆದು ಪೇರಿಸಿದ ಕೆಂಪು ಮಣ್ಣಿನ ದಿಬ್ಬಗಳು ಬಂದವು. ಎಂಟು ಸಾವಿರದ ನಾನೂರೈವತ್ತು ಎಂದು ಮನಸ್ಸು ತಾನಾಗಿ ಹೇಳಿಕೊಂಡಿತು. ಬೆಂಗಳೂರಿಂದ ಡಬ್ಲಿನ್‌ಗೆ ಆಕಾಶದಲ್ಲಿ ಅಷ್ಟು ಕಿಲೋಮೀಟರು. ನೇರ ವಿಮಾನ ಇದ್ದಿದ್ದರೆ ಹತ್ತು, ಹತ್ತೂವರೆ ಗಂಟೆ. ಇಲ್ಲದಿರುವುದರಿಂದ ನಡುವೆ ಒಂದು ಕಡೆ ಇಳಿದು ಹತ್ತಿ ಹದಿನೈದು ಗಂಟೆ. ಇದನ್ನೆಲ್ಲ ಓಂಕಾರಮೂರ್ತಿ ಹುಡುಕಿದ್ದು ಮಾಯಾಳ ತಂದೆ ಪುಟ್ಟಯ್ಯ ತೀರಿಕೊಂಡು ಇಪ್ಪತ್ತು ದಿನವಾದ ಮೇಲೆ, ಮನೆಯಲ್ಲಿ ಯಾರೂ ಇಲ್ಲದಾಗ, ಮಾಡಬಾರದ್ದನ್ನು ಮಾಡುವವರಂತೆ. ಫೋನಿನಲ್ಲಿ ಎರಡು ಊರಿನ ಹೆಸರು ಒತ್ತಿದರೆ ಸಾಕು, ಅರೆಗಳಿಗೆಯಲ್ಲಿ ಉತ್ತರ ಬಂದಿತು. ಕೆಳಗೆ ಪ್ರಪಂಚದ ಒಂದು ನಕ್ಷೆ, ಅದರ ಮೇಲೆ ಎರಡು ಊರನ್ನು ಸೇರಿಸಿ ಬಿಲ್ಲಿನ ಹಾಗೆ ಬಾಗಿದ ಒಂದು ನೀಲಿ ಗೆರೆ. ಗೆರೆ ಯಾಕೆ ಬಾಗಿದೆ ಎಂದು ಅವರು ಮೂವತ್ತನಾಲ್ಕು ವರ್ಷ ಮಕ್ಕಳಿಗೆ ಹೇಳಿದ್ದರು. ಗೋಳದ ಮೇಲೆ ನೂಲು ಎಳೆದು ಹಿಡಿಯಬೇಕು, ಅದೇ ಹತ್ತಿರದ ದಾರಿ. ಕಾಗದದ ಮೇಲೆ ಅದು ಸೊಟ್ಟಗೆ ಕಾಣುತ್ತದೆ, ಅಷ್ಟೆ. ಒಂಬತ್ತನೇ ಕ್ಲಾಸಿನ ಮಾಯಾ ಎದ್ದು ನಿಂತು, "ಹಂಗಾದ್ರೆ ನೇರವಾಗಿ ಹೋಗೋರೇ ಸುತ್ತಿ ಹೋಗ್ತಾರಾ ಸರ್?" ಎಂದು ಕೇಳಿದ್ದಳು. ಆ ಪ್ರಶ್ನೆಗೆ ಅವರು ಏನು ಹೇಳಿದ್ದರೋ ನೆನಪಿರಲಿಲ್ಲ. ಕೂರು ಎಂದಿರಬೇಕು.

ಹತ್ತು ತಿಂಗಳ ಹಿಂದಿನ ಆ ಭಾನುವಾರ ತರೀಕೆರೆಯಲ್ಲಿ ಭಾವಮೈದುನ ಬಸವರಾಜಪ್ಪನ ಹೊಸ ಮನೆಯ ಗೃಹಪ್ರವೇಶ. ವೈಶಾಖದ ಬಿಸಿಲು. ಮಹಡಿಯ ಮೇಲೆ ಶಾಮಿಯಾನದ ಕೆಳಗೆ ಊಟದ ಪಂಕ್ತಿಗೆ ಕಾಯುತ್ತ ಎಂಟು ಹತ್ತು ಜನ ಕುರ್ಚಿ ಎಳೆದುಕೊಂಡು ಕೂತಿದ್ದರು. ನಡುವೆ ರುದ್ರಮೂರ್ತಿ, ಕಡೂರಿನ ಸಿಮೆಂಟ್ ವ್ಯಾಪಾರಿ. ಹೆಂಡತಿಯ ಜೊತೆ ಯುರೋಪು ಟೂರ್ ಮುಗಿಸಿ ಬಂದು ಹದಿನೈದು ದಿನವಾಗಿತ್ತು. ಪ್ಯಾರಿಸ್ಸಿಗೆ ಹೋದ ಪ್ರಯಾಣವನ್ನು ಹೇಳುತ್ತಿದ್ದ. ಓಂಕಾರಮೂರ್ತಿ ಸುಮ್ಮನಿರಬಹುದಿತ್ತು. ಆದರೆ ಬೆಳಗ್ಗೆ ಯಾರೋ ಅವರನ್ನು ಮಠದ ಸ್ವಾಮಿಗಳ ಕಡೆಯವರಿಗೆ ಪರಿಚಯ ಮಾಡುವಾಗ, "ಇವರು ಅಜ್ಜಂಪುರದಲ್ಲಿ ಮೇಷ್ಟ್ರಾಗಿದ್ರು" ಎಂದು ಅರ್ಧಕ್ಕೇ ಬಿಟ್ಟು ಮುಂದಿನವರ ಕಡೆ ತಿರುಗಿದ್ದರು. ಆ ಅರ್ಧ ಅವರಲ್ಲಿ ಇನ್ನೂ ಚುಚ್ಚುತ್ತಿತ್ತು. "ಪ್ಯಾರಿಸ್ಸಾ? ಬೆಂಗಳೂರಿಂದ ಏಳೂಮುಕ್ಕಾಲು ಸಾವಿರ ಕಿಲೋಮೀಟರ್ ಆಗುತ್ತೆ. ಒಂಬತ್ತು ಗಂಟೇಲಿ ಹೋಗಿಬಿಡಬಹುದು" ಎಂದರು, ಎಲ್ಲರಿಗೂ ಕೇಳುವಂತೆ. ರುದ್ರಮೂರ್ತಿ ಅಡಿಕೆ ಜಗಿಯುವುದನ್ನು ನಿಲ್ಲಿಸಿ ನಕ್ಕ. "ಒಂಬತ್ತು ಗಂಟೆನಾ! ದುಬೈನಲ್ಲಿ ಇಳಿದು ಐದು ಗಂಟೆ ಬೆಂಚ್ ಮೇಲೆ ಮಲಗಿದ್ದು ಯಾರು ಮೇಷ್ಟ್ರೇ? ಮೂರು ಗಂಟೆ ಮುಂಚೆ ಹೋಗಿ ಕ್ಯೂ ನಿಂತಿದ್ದು? ನಿಮ್ಮ ಮ್ಯಾಪಲ್ಲಿ ಕಾಯೋದು ತೋರಿಸಿರಲ್ಲ ಕಣ್ರೀ. ಮನೆ ಬಿಟ್ಟು ರೂಮ್ ಸೇರೋ ಹೊತ್ತಿಗೆ ಒಂದೂವರೆ ದಿನ! ನೀವು ಯಾವತ್ತು ಹೋಗಿದ್ರಿ?" ಸುತ್ತಲಿದ್ದವರು ನಕ್ಕರು. ಕೆಟ್ಟ ನಗುವಲ್ಲ. ಮದುವೆ ಮನೆಯಲ್ಲಿ ಯಾರ ಪಂಚೆಯಾದರೂ ಜಾರಿದರೆ ನಗುವ ಹಾಗೆ, ಅಷ್ಟೆ. ಓಂಕಾರಮೂರ್ತಿಯೂ ನಕ್ಕರು. ಕಿವಿ ಬಿಸಿಯಾಗಿತ್ತು. ಆಗಲೇ ಫೋನ್ ಬಂದದ್ದು.

"ಸಾ, ಅಪ್ಪ ಹೋಗ್ಬಿಡ್ತು" ಎಂದ ವೇಣು. ಬೆಳಗ್ಗೆ ಆರು ಗಂಟೆಗೆ ಎದೆನೋವು ಎಂದವನು ಅಷ್ಟರಲ್ಲೇ ಮುಗಿದಿದ್ದ. ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿ ಹಳಿಗುಂಟ ಸಾವಿರಾರು ಮೈಲಿ ನಡೆದ ಪುಟ್ಟಯ್ಯ. "ಅಕ್ಕ ಹೊರಟೈತೆ ಸಾ. ಇಲ್ಲಿ ಕೇರಿ ಯಜಮಾನ್ರು ಅಂಜಿನಪ್ಪನೋರು, ನೆಂಟರು, ಎಲ್ಲ ಸಾಯಂಕಾಲದೊಳಗೆ ಮಣ್ಣು ಮಾಡಣ ಅಂತಾವ್ರೆ, ಬಿಸ್ಲು ಅಂತ. ಕಡೂರಿಂದ ಫ್ರೀಜರ್ ಬಾಕ್ಸ್ ತರಿಸ್ಲಾ ಅಂತ ಯೋಚ್ನೆ. ಐರ್ಲೆಂಡಿಂದ ಇಲ್ಲಿಗೆ ಎಷ್ಟೊತ್ತು ಆಗ್ತದೆ ಸಾ? ಸರಿಯಾಗಿ ಹೇಳಿ, ನೀವೆಂಗೆ ಹೇಳ್ತೀರೋ ಹಂಗೆ." ಕುರ್ಚಿಗಳಲ್ಲಿ ಕೂತವರು ಇವರನ್ನೇ ನೋಡುತ್ತಿದ್ದರು. ರುದ್ರಮೂರ್ತಿ ಇನ್ನೂ ತುಟಿಯಲ್ಲಿ ನಗು ಇಟ್ಟುಕೊಂಡೇ ಇದ್ದ. ಓಂಕಾರಮೂರ್ತಿ ಗಂಟಲು ಸರಿಮಾಡಿಕೊಂಡು, ಕ್ಲಾಸಿನ ಕೊನೆಯ ಬೆಂಚಿಗೂ ಮುಟ್ಟುವ ದನಿಯಲ್ಲಿ ಹೇಳಿದರು: "ಐರ್ಲೆಂಡಾ? ಅದು ಯುರೋಪಿನ ಆ ತುದಿ ಕಣೋ. ಇಳಿದು, ಕಾದು, ಮತ್ತೆ ಹತ್ತಿ, ಬೆಂಗಳೂರಿಂದ ಇಲ್ಲಿಗೆ ಬಂದು... ಎರಡು ದಿನ ಬೇಕು. ಎರಡು ದಿನಕ್ಕೆ ಕಮ್ಮಿ ಸಾಧ್ಯವೇ ಇಲ್ಲ." ವೇಣು, "ಎರಡು ದಿನಾನಾ ಸಾ" ಎಂದ. "ಹೂಂ. ಕಾಯೋದು ಕಷ್ಟ ಕಣಪ್ಪ. ಹಿರಿಯರು ಹೇಳ್ದಂಗೆ ಮಾಡಿ." ಫೋನ್ ಇಟ್ಟು ತಲೆಯೆತ್ತಿದಾಗ ರುದ್ರಮೂರ್ತಿ, "ಈಗ ಸರಿಯಾಗಿ ಹೇಳಿದ್ರಿ ನೋಡಿ" ಎಂದ. ಆ ಗಳಿಗೆಯಲ್ಲಿ ತನಗೆ ಸಂತೋಷವಾಗಿತ್ತು. ಹತ್ತು ತಿಂಗಳಲ್ಲಿ ಓಂಕಾರಮೂರ್ತಿ ಎಷ್ಟು ಸಲ ಹಿಂದಕ್ಕೆ ಹೋಗಿ ನೋಡಿದರೂ ಆ ಸಂತೋಷ ಅಲ್ಲೇ ಇರುತ್ತಿತ್ತು, ಬೆಳಕಿಗೆ ಹಿಡಿದ ಗಾಜಿನ ಚೂರಿನ ಹಾಗೆ. ಆಮೇಲೆ ಪಂಕ್ತಿಗೆ ಕರೆದರು. ಹೋಳಿಗೆ ಎರಡನೇ ಸಲ ಹಾಕಿಸಿಕೊಂಡಿದ್ದರು.

ಮಾರನೆಯ ದಿನ ಬೆಳಗ್ಗೆ ಮಾತಾಡಿಸಿಕೊಂಡು ಬರೋಣವೆಂದು ಅಜ್ಜಂಪುರಕ್ಕೆ ಹೋದರು. ಪುಟ್ಟಯ್ಯನ ಮನೆಯ ಮುಂದೆ ಶಾಮಿಯಾನ ಬಿಚ್ಚಿ ಸುತ್ತುತ್ತಿದ್ದರು. ಅಂಗಳಕ್ಕೆ ನೀರು ಹಾಕಿತ್ತು. ಅವರಿಗೊಂದು ಪ್ಲಾಸ್ಟಿಕ್ ಕುರ್ಚಿ ಕೊಟ್ಟರು. ಕೂತು ಕಾಲು ಗಂಟೆಯಾಗಿರಬೇಕು, ಒಂದು ಟ್ಯಾಕ್ಸಿ ಬಂದು ನಿಂತಿತು. ಇಳಿದವಳು ಮಾಯಾ. ಹತ್ತಕ್ಕೆ ಐದು ನಿಮಿಷವಿತ್ತು. ಓಂಕಾರಮೂರ್ತಿ ಗಡಿಯಾರ ನೋಡಿದ್ದು ಅವಳನ್ನು ನೋಡಲಾಗದೆ. ಅವಳು ಒದ್ದೆ ಅಂಗಳ ನೋಡಿದಳು, ಸುತ್ತಿಟ್ಟ ಶಾಮಿಯಾನ ನೋಡಿದಳು, ಮೊದಲು ಕಣ್ಣಿಗೆ ಬಿದ್ದ ಪರಿಚಯದ ಮುಖ ಇವರದೇ ಆದ್ದರಿಂದ, "ಸರ್, ಅಪ್ಪ ಎಲ್ಲಿ?" ಎಂದು ಕೇಳಿದಳು. ಅವರು ಎದ್ದು ನಿಂತರು. ವೇಣು ಒಳಗಿನಿಂದ ಓಡಿ ಬಂದು ಅವಳನ್ನು ಹಿಡಿದುಕೊಂಡ.

ಬಸ್ಸು ಅಜ್ಜಂಪುರ ನಿಲ್ದಾಣಕ್ಕೆ ಬಂದು ನಿಂತಾಗ ಪಕ್ಕದ ಹೆಂಗಸು ಸಸಿಯ ಕಟ್ಟು ಎತ್ತಿಕೊಂಡು ಇಳಿದುಹೋದಳು. ಹೊಸ ತಾಲ್ಲೂಕು ಕಚೇರಿಗೆ ಬಂದವರ ಗುಂಪು, ಝೆರಾಕ್ಸ್ ಅಂಗಡಿಯ ಮುಂದೆ ಸಾಲು. ಹಳೆಯ ವಿದ್ಯಾರ್ಥಿಗಳು ಇಬ್ಬರು ಮೂವರು ನಮಸ್ಕಾರ ಮಾಡಿದರು. ರೈಲ್ವೆ ಸ್ಟೇಷನ್ ಕಡೆಗೆ ನಡೆಯುತ್ತ ಓಂಕಾರಮೂರ್ತಿ ತಮಗೆ ತಾವೇ ಒಂದು ಪ್ರಶ್ನೆ ಹಾಕಿಕೊಂಡರು, ಹೊಸದೇನಲ್ಲ, ಹಲವು ಸಲ ಹಾಕಿಕೊಂಡದ್ದೇ. ಅವತ್ತು ಫೋನ್ ಮಾಡಿದವನು ಬಸವರಾಜಪ್ಪನ ಮಗನಾಗಿದ್ದರೆ? ಎದ್ದು ಒಳಗೆ ಹೋಗುತ್ತಿದ್ದೆ. ಬಾಗಿಲು ಹಾಕಿಕೊಂಡು, ವಿಮಾನದ ಸಮಯ ನೋಡಿ, ಇನ್ನೊಬ್ಬರನ್ನು ಕೇಳಿ, ಐದು ನಿಮಿಷ ಬಿಟ್ಟು ಹೇಳ್ತೀನಿ ಎನ್ನುತ್ತಿದ್ದೆ. ಪುಟ್ಟಯ್ಯನ ಮನೆಗಾದರೆ ಕೂತಲ್ಲಿಂದಲೇ ಒಂದು ಉತ್ತರ ಎಸೆದರೆ ಸಾಕಾಗಿತ್ತು. ಪುಟ್ಟಯ್ಯ ತನಗಿಂತ ಹತ್ತು ವರ್ಷ ದೊಡ್ಡವನು. ದಾರಿಯಲ್ಲಿ ಸಿಕ್ಕಾಗ ಸೈಕಲ್ಲಿಂದ ಇಳಿದು, "ಮೇಷ್ಟ್ರೇ, ನಮ್ ಮಾಯಾ ಹೆಂಗೆ ಓದ್ತಾಳೆ?" ಎನ್ನುತ್ತಿದ್ದ. "ಚೆನ್ನಾಗಿ ಓದ್ತಾಳೆ ಕಣೋ ಪುಟ್ಟಯ್ಯ" ಎನ್ನುತ್ತಿದ್ದರು ಇವರು. ಕಣೋ. ಅದು ಇಷ್ಟು ವರ್ಷ ಕಿವಿಗೆ ಬಿದ್ದೇ ಇರಲಿಲ್ಲ.

ಹನುಮಂತಮ್ಮ ನಡುಮನೆಯಲ್ಲಿ ಚಾಪೆಯ ಮೇಲೆ ಕೂತು ಅವರೆಕಾಳು ಹಸನು ಮಾಡುತ್ತಿದ್ದರು. ಗೋಡೆಯಲ್ಲಿ ಬುದ್ಧನ ಪಟ, ಅದರ ಪಕ್ಕ ರೈಲ್ವೆ ಸಮವಸ್ತ್ರದ ಪುಟ್ಟಯ್ಯನ ಫೋಟೋ. ಮೂಲೆಯಲ್ಲಿ ಹೊಸ ಸೂಟ್‌ಕೇಸು ಬಾಯಿ ತೆರೆದುಕೊಂಡು ಬಿದ್ದಿತ್ತು. ಒಳಗೆ ಏನೂ ಇರಲಿಲ್ಲ. ವೇಣು ಕುರ್ಚಿ ಹಾಕಿ, ಅಂಗಡಿಯಿಂದ ಹಾಗೇ ಬಂದವನು ಎಣ್ಣೆಯ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಒರಗಿ ನಿಂತ.

"ನೀವಾದ್ರೂ ಹೇಳಿ ಸಾ. ದಾವಣಗೆರೆ ಹುಡುಗಿ ಒಬ್ಳು, ಅಕ್ಕನ ಆಸ್ಪತ್ರೇಲೇ ಇರೋಳು, ಅದೇ ಫ್ಲೈಟಲ್ಲಿ ಹೋಗ್ತಾಳೆ. ಕೈ ಹಿಡ್ಕಂಡು ಕರ್ಕಂಡು ಹೋಗ್ತಾಳೆ. ಇದಕ್ಕೇನು ಭಯ?"

"ಭಯ ಯಾಕೋ ನಂಗೆ" ಎಂದರು ಹನುಮಂತಮ್ಮ, ತಲೆಯೆತ್ತದೆ. "ಎರಡು ದಿನ ಅದ್ರಾಗೆ ಕೂತ್ಕಳಕ್ಕೆ ಸೊಂಟ ಆಗಲ್ಲ ಅಂದೆ."

ಹನುಮಂತಮ್ಮ ಒಂದು ಹುಳುಕು ಕಾಳನ್ನು ಬೇರೆ ಎತ್ತಿಟ್ಟು, ಬಹಳ ದಿನದಿಂದ ಕೇಳಬೇಕೆಂದಿದ್ದದ್ದನ್ನು ಈಗ ನೆನಪಾಯಿತು ಎಂಬಂತೆ ಕೇಳಿದರು. "ಮೇಷ್ಟ್ರೇ, ನೀವು ಎರಡು ದಿನ ಅಂದಿದ್ರಿ. ಅವಳು ಮಾರನೇ ದಿನವೇ ಬಂದ್ಲು. ಹೆಂಗದು? ಅವಳಿಗೆ ಯಾವುದೋ ಬೇಗ ಬರೋ ವಿಮಾನ ಸಿಕ್ತು ಅಂತ ಕಾಣ್ತದೆ, ಅಲ್ವಾ?"

ಕೇಳಿದ್ದರಲ್ಲಿ ಮೊನಚೇನೂ ಇರಲಿಲ್ಲ. ಉತ್ತರವನ್ನೂ ಆಕೆಯೇ ಕೊಟ್ಟಿದ್ದರು, ಮಡಿಸಿ, ಕೈಗೆ ಸಿಗುವಂತೆ. ಹತ್ತು ತಿಂಗಳು ತಾನು ಹೆದರಿದ್ದು ಈ ಪ್ರಶ್ನೆಗೆ. ಇದು ಇಷ್ಟು ಮೆತ್ತಗೆ ಬರುತ್ತದೆ ಎಂದು ಓಂಕಾರಮೂರ್ತಿ ಎಣಿಸಿರಲಿಲ್ಲ. "ಹೂಂ, ಹಂಗೂ ಇರುತ್ತೆ" ಎಂದರು. ಹೇಳಿದ ಕೂಡಲೇ ಬಸವರಾಜಪ್ಪನ ಮಹಡಿಯ ಮೇಲಿನ ಆ ಕುರ್ಚಿಯಲ್ಲೇ ಮತ್ತೆ ಕೂತಂತಾಯಿತು. ಹೊರಗೆ ಗೂಡ್ಸ್ ರೈಲೊಂದು ನಿಧಾನಕ್ಕೆ ದಾಟುತ್ತಿತ್ತು. ಹನುಮಂತಮ್ಮ ಮೊರ ಕುಟ್ಟಿ ಮತ್ತೆ ಕಾಳಿನ ಕಡೆ ತಿರುಗಿದರು. ಅವರ ಮಟ್ಟಿಗೆ ಆ ಮಾತು ಮುಗಿದಿತ್ತು. ಇನ್ನು ಯಾರೂ ಯಾವತ್ತೂ ಅದನ್ನು ಕೇಳುವುದಿಲ್ಲ ಎಂದು ಓಂಕಾರಮೂರ್ತಿಗೆ ಹೊಳೆಯಿತು. ಅದು ಹೊಳೆದ ಮೇಲೆ ಸುಮ್ಮನಿರಲಾಗಲಿಲ್ಲ.

"ಇಲ್ಲ ಹನುಮಂತಮ್ಮ. ಬೇಗದ ವಿಮಾನ ಅಂತ ಇರಲ್ಲ. ಎಲ್ಲಾದೂ ಅಷ್ಟೇ ಹೊತ್ತು. ನಾನು ತಪ್ಪು ಹೇಳಿದ್ದೆ."

"ತಪ್ಪು ಅಂದ್ರೆ?"

"ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನೋಕೆ ಆಗಲಿಲ್ಲ. ಅಲ್ಲಿ ನಾಲ್ಕು ಜನ ಕೂತಿದ್ರು. ಅವರ ಮುಂದೆ... ಬಾಯಿಗೆ ಬಂದಿದ್ದು ಹೇಳ್ಬಿಟ್ಟೆ. ನೋಡಿ ಹೇಳ್ಬೇಕಿತ್ತು. ಎರಡು ನಿಮಿಷ ನೋಡಿದ್ರೆ ಗೊತ್ತಾಗ್ತಿತ್ತು."

ಬಾಗಿಲಲ್ಲಿ ನಿಂತಿದ್ದ ವೇಣು ಕೈ ಒರೆಸುವುದನ್ನು ನಿಲ್ಲಿಸಿದ. ಅವನ ಮುಖದಲ್ಲಿ ಮೊದಲು ಬಂದದ್ದು ಸಿಟ್ಟಲ್ಲ. ಕ್ಲಾಸಿನಲ್ಲಿ ಅರ್ಥವಾಗದಿದ್ದಾಗ ಹುಬ್ಬು ಗಂಟಿಕ್ಕುತ್ತಿದ್ದನಲ್ಲ, ಅದು. "ಅಕ್ಕ ಹೇಳಿತ್ತು ಸಾ" ಎಂದ ಮೆಲ್ಲಗೆ. "ಅಲ್ಲಿ ವಿಮಾನ ಹತ್ತೋ ಮುಂಚೆ ಫೋನ್ ಮಾಡಿ, ನಾಳೆ ಬೆಳಗ್ಗೆ ಹತ್ತಕ್ಕೆ ಮನೇಲಿರ್ತೀನಿ, ಕಾಯಿ ಅಂತ ಹೇಳಿತ್ತು. ಅಂಜಿನಪ್ಪನೋರು, ಆ ಹುಡುಗಿ ದುಃಖದಾಗೆ ಹಂಗಂತದೆ, ತಿಳಿದೋರನ್ನ ಕೇಳು ಅಂದ್ರು. ಅದಕ್ಕೇ ನಿಮಗೆ ಮಾಡಿದ್ದು. ನೀವು ಎರಡು ದಿನ ಅಂದ್ಮೇಲೆ ನಾನೇ ಎಲ್ಲರಿಗೂ ಹೇಳ್ದೆ, ಅಕ್ಕಂಗೆ ಗೊತ್ತಾಗ್ತಿಲ್ಲ, ಮೇಷ್ಟ್ರು ಹೇಳವ್ರೆ ಅಂತ." ಅವನು ಒಂದು ಸಲ ಅಪ್ಪನ ಫೋಟೋ ನೋಡಿದ. "ನಡುವೆ ಇಳಿದ ಊರಿಂದ ಮೂರು ಸಲ ಫೋನ್ ಮಾಡಿತ್ತು. ನಾನು ಎತ್ತಲಿಲ್ಲ. ಏನಂತ ಹೇಳ್ಲಿ?" ಮತ್ತೇನೂ ಹೇಳದೆ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ. ಬೈಕು ಶುರುವಾದ ಸದ್ದು ಕೇಳಿಸಲಿಲ್ಲ. ನಡೆದೇ ಹೋಗಿದ್ದ.

ಮಾಯಾ ಹೇಳಿದ್ದಳು ಎಂಬುದು ಓಂಕಾರಮೂರ್ತಿಗೆ ಗೊತ್ತಿರಲಿಲ್ಲ. ತನ್ನ ತಪ್ಪು ಒಂದು ಸಂಖ್ಯೆಯ ತಪ್ಪು ಎಂದು ಇಷ್ಟು ದಿನ ತಿಳಿದಿದ್ದರು. ನಾಳೆ ಬೆಳಗ್ಗೆ ಹತ್ತಕ್ಕೆ ಎಂದು ಅವಳು ಸರಿಯಾಗಿಯೇ ಹೇಳಿದ್ದಳು. ಎರಡು ಸಲ ಹೋಗಿ ಬಂದ ದಾರಿ, ಟಿಕೆಟ್ಟು ಕೈಯಲ್ಲಿ, ತಂದೆ ಅವಳ ತಂದೆ. ತಾನು ಎಂದೂ ಹೋಗದ ದಾರಿಯ ಬಗ್ಗೆ ಹೋಳಿಗೆಯ ಪಂಕ್ತಿಗೆ ಕಾಯುತ್ತ ಆಡಿದ ಮಾತು ಅವಳ ಮಾತಿನ ಮೇಲೆ ಕೂತುಬಿಟ್ಟಿತ್ತು. ಕೂರು ಎಂದ ಹಾಗೆ. ಅವರು ಮೊಣಕಾಲ ಮೇಲೆ ಇಟ್ಟುಕೊಂಡಿದ್ದ ತಮ್ಮ ಕೈಗಳನ್ನು ನೋಡಿಕೊಂಡರು.

ಹನುಮಂತಮ್ಮ ಉಳಿದ ಕಾಳನ್ನೆಲ್ಲ ಒಂದು ಕಡೆ ಒಟ್ಟಿದರು. ಆಮೇಲೆ ಮೊರವನ್ನು ಪಕ್ಕಕ್ಕೆ ಸರಿಸಿ, "ನೀವು ಹೇಳಿದ್ರಿ ಮೇಷ್ಟ್ರೇ. ಎತ್ತಿ ಅಂತ ಅಂದಿದ್ದು ನಾನು" ಎಂದರು. "ಗಂಡಸ್ರೆಲ್ಲ ನನ್ ಮುಖ ನೋಡ್ತಾ ನಿಂತಿದ್ರು. ಕಾಯಣ ಅಂತ ನಾನೊಂದ್ ಮಾತು ಅಂದಿದ್ರೆ ಯಾರು ಮುಟ್ತಿದ್ರು? ಮಾಯಾ ಬಂದು ಹದಿನೈದು ದಿನ ಇದ್ಲು. ಒಂದ್ಸಲ ಕೇಳಲಿಲ್ಲ ನನ್ನ. ಯಾಕಮ್ಮ ಕಾಯಲಿಲ್ಲ ಅಂತ ಬೈದಿದ್ರೆ ನಂಗೆ ಸಲೀಸಾಗೋದು. ಕೇಳಲೇ ಇಲ್ಲ. ಈಗ ಅವಳ ಮನೇಲಿ ಹೋಗಿ, ಮೂರು ತಿಂಗಳು, ಅವಳ ಮಗೀಗೆ ನೀರು ಹಾಕಂಡು, ಎದುರಾಬದುರಾ ಹೆಂಗಿರ್ಲಿ? ಸೊಂಟ ಅಂತ ಅವನಿಗೆ ಹೇಳ್ದೆ. ಇನ್ನೇನ್ ಹೇಳ್ಲಿ ಅವನಿಗೆ."

ಈಗ ಓಂಕಾರಮೂರ್ತಿಗೆ ತಾವು ಬಂದದ್ದು ಯಾವುದಕ್ಕೆ ಎಂದು ತಿಳಿಯಿತು. ದೂರ ಎಷ್ಟೆಂದು ಈಕೆಗೆ ಹೇಳಬೇಕಾಗಿರಲಿಲ್ಲ. "ಮಾಯಾಗೆ ಫೋನ್ ಮಾಡಿಕೊಡಿ. ನಾನೇ ಹೇಳ್ತೀನಿ" ಎಂದರು. ಇಲ್ಲಿ ಹನ್ನೆರಡೂವರೆ; ಅಲ್ಲಿ ಏಳು ಎಂದು ಲೆಕ್ಕ ತಾನಾಗಿ ಬಂತು. ಎದ್ದಿರುತ್ತಾಳೋ ಇಲ್ಲವೋ ಎಂದು ಹನುಮಂತಮ್ಮನನ್ನೇ ಕೇಳಿದರು. "ಎದ್ದಿರ್ತಾಳೆ. ಈಗ ಮನೇಲೇ ಅವಳೆ" ಎಂದು ಆಕೆ ಫೋನಿನ ಮೇಲೆ ಬೆರಳಿಟ್ಟು ಮಗಳ ಫೋಟೋ ಒತ್ತಿದರು.

ಮಾಯಾಳ ಮುಖ ಬಂತು. ಹಿಂದೆ ಮಸುಕು ಬೆಳಕಿನ ಕಿಟಕಿ. ಇವರನ್ನು ನೋಡಿ ಅವಳು ಕೂದಲು ಸರಿಮಾಡಿಕೊಂಡು, "ಸರ್! ಅಮ್ಮಂಗೆ ಕ್ಲಾಸ್ ತಗೋತಾ ಇದ್ದೀರಾ?" ಎಂದಳು. ಓಂಕಾರಮೂರ್ತಿ ಹೇಳಿದರು. ಸುತ್ತಿ ಬಳಸದೆ, ಹನುಮಂತಮ್ಮನಿಗೆ ಹೇಳಿದ್ದನ್ನೇ ಹೇಳಿದರು. ಆಕೆಗೆ ಹೇಳದಿದ್ದ ಇನ್ನೊಂದನ್ನೂ ಸೇರಿಸಿದರು. "ನಮ್ಮ ಮನೆಯವರು ಯಾರಾದ್ರೂ ಕೇಳಿದ್ರೆ ನೋಡಿ ಹೇಳ್ತಿದ್ದೆ ಮಾಯಾ. ನಿಮ್ಮ ಮನೆ ಅಂತ ನೋಡಲಿಲ್ಲ." ಹೇಳಿ ಮುಗಿಸಿದಾಗ ಪರದೆ ನಿಂತುಹೋಯಿತೇನೋ ಎನಿಸಿತು, ಅವಳು ಅಷ್ಟು ಅಲುಗಾಡದೆ ಕೂತಿದ್ದಳು.

"ಸರ್" ಎಂದಳು ಕೊನೆಗೆ. "ನೀವು ಹೇಳಿದ್ದು ಒಳ್ಳೇದಾಯ್ತು. ನಂಗೆ ವೇಣು ಹೇಳಿದ್ದ, ಯಾರ ಮಾತು ಕೇಳಿ ಅಂತ. ನಾನು ನಿಮ್ಮನ್ನ ಕೇಳಬೇಕು ಅಂತ ಎಷ್ಟೋ ದಿನ ಅಂದ್ಕೊಂಡೆ. ಆಮೇಲೆ ಬಿಟ್ಟೆ. ಪರವಾಗಿಲ್ಲ ಅಂತ ನಾನು ಹೇಳೋಕಾಗಲ್ಲ ಸರ್. ಪರವಾಗಿಲ್ಲ ಅಂತ ಇನ್ನೂ ಆಗಿಲ್ಲ." ಅವಳ ದನಿಯಲ್ಲಿ ಕಹಿ ಇರಲಿಲ್ಲ. ರೋಗಿಯ ಕಡೆಯವರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿ ಅಭ್ಯಾಸವಾದವರ ದನಿ. "ಅಮ್ಮಂಗೆ ಕೊಡಿ ಫೋನು."

ಅವರು ಫೋನ್ ಕೊಟ್ಟು ಹೊರಗೆ ಜಗಲಿಗೆ ಬಂದು ಕೂತರು. ಒಳಗಿನ ಮಾತು ಕೇಳಬಾರದೆಂದು ಎದುರು ಮನೆಯ ತೆಂಗಿನ ಮರವನ್ನು ನೋಡುತ್ತ ಕೂತರು. ಆದರೂ ಕೇಳಿಸಿತು. ಹನುಮಂತಮ್ಮ, "ನಾನೇ ಕಣೇ ಎತ್ತಿ ಅಂದಿದ್ದು" ಎಂದದ್ದು. ಆಮೇಲೆ ಅಳು. ಆಮೇಲೆ ಮಗಳು ಏನೋ ಕೇಳಿದ್ದು, ತಾಯಿ ನಿಧಾನವಾಗಿ ಒಂದೊಂದೇ ಹೇಳಿದ್ದು: ಯಾವ ಪಂಚೆ ಉಡಿಸಿದ್ದರು, ಮುಖ ಹೇಗಿತ್ತು, ಗಡ್ಡ ಯಾರು ಬೋಳಿಸಿದರು, ಬಲಗೈ ಮಡಿಸಲು ಬರಲಿಲ್ಲ ಎಂದು. ಹತ್ತು ತಿಂಗಳಲ್ಲಿ ಮೊದಲ ಸಲ ತಾಯಿ ಮಗಳು ಆ ಸಾಯಂಕಾಲದ ಮಾತಾಡುತ್ತಿದ್ದರು. ಅಪ್ಪನ ಮುಖವನ್ನು ಅವಳು ಈಗ ಹೀಗೆ ನೋಡುತ್ತಿದ್ದಾಳೆ ಎಂದುಕೊಂಡರು ಓಂಕಾರಮೂರ್ತಿ. ಅದರಿಂದ ತನಗೆ ಹಗುರವಾಗಬಾರದು ಎಂದೂ ಅಂದುಕೊಂಡರು. ಸ್ವಲ್ಪ ಹಗುರವಾಗಿತ್ತು.

ಅರ್ಧ ಗಂಟೆಯ ಮೇಲೆ ಹನುಮಂತಮ್ಮ ಕಣ್ಣೊರೆಸಿಕೊಂಡು ಟೀ ಲೋಟ ಹಿಡಿದು ಬಂದರು. "ಹೋಗ್ತೀನಿ ಮೇಷ್ಟ್ರೇ" ಎಂದರು. "ಅದ್ರೊಳಗೆ ಹೆಂಗೆ, ಕಿವಿ ನೋಯ್ತದೆ ಅಂತಾರಲ್ಲ, ನಿಜವಾ?"

"ನನಗೆ ಗೊತ್ತಿಲ್ಲ. ನಾನು ವಿಮಾನ ಹತ್ತೇ ಇಲ್ಲ."

"ಹತ್ತೇ ಇಲ್ವಾ!" ಎಂದು ಆಕೆ ಅವರನ್ನೇ ನೋಡಿದರು. ಅತ್ತು ಊದಿದ ಆ ಮುಖದಲ್ಲಿ ಇದ್ದಕ್ಕಿದ್ದಂತೆ ನಗು ಬಂತು. ತಡೆದುಕೊಳ್ಳಲು ಸೆರಗು ಅಡ್ಡ ಹಿಡಿದರೂ ಬಂತು. "ಶಿವನೇ! ಹತ್ತದೇ ಇದ್ದೋರು ಅಷ್ಟು ಜೋರಾಗಿ ಹೇಳಿದ್ರಾ!" ಓಂಕಾರಮೂರ್ತಿ ಬಿಸಿ ಲೋಟವನ್ನು ಎರಡು ಕೈಯಲ್ಲಿ ಹಿಡಿದು ತಲೆ ತಗ್ಗಿಸಿದರು. ಕಿವಿ ಬಿಸಿಯಾಗಲಿಲ್ಲ. "ಇರಲಿ ಬಿಡಿ" ಎಂದರು ಹನುಮಂತಮ್ಮ. "ನಾನು ಹೋಗಿ ನೋಡಿ, ಎಷ್ಟೊತ್ತು ಅಂತ ಎಣಿಸಿ ಹೇಳ್ತೀನಿ ನಿಮಗೆ."

ವೇಣು ಬಂದು ಬೈಕಿನಲ್ಲಿ ಬಸ್ ನಿಲ್ದಾಣಕ್ಕೆ ಬಿಟ್ಟ. ಯಾವಾಗಲೂ ಬಸ್ಸು ಹೊರಡುವವರೆಗೂ ಕಿಟಕಿಯ ಕೆಳಗೆ ನಿಂತು, "ಬತ್ತೀನಿ ಸಾ" ಎಂದು ಹೋಗುವವನು. ಇವತ್ತು ಅವರು ಇಳಿದ ಕೂಡಲೇ ಗಾಡಿ ತಿರುಗಿಸಿದ. ಓಂಕಾರಮೂರ್ತಿ ಅವನ ಬೆನ್ನು ಸಂತೆಮೈದಾನದ ತಿರುವಿನಲ್ಲಿ ಮರೆಯಾಗುವವರೆಗೂ ನೋಡಿದರು. ಅವನು ಹಾಗೆ ಹೋದದ್ದು ಸರಿ ಎನಿಸಿತು. ಯಾರಾದರೂ ಒಬ್ಬರು ಹಾಗೆ ಹೋಗಬೇಕಾಗಿತ್ತು.

ಬುಧವಾರ ಕಳೆಯಿತು, ಗುರುವಾರ ಕಳೆಯಿತು. ಈಗ ಎಲ್ಲಿ ಹೋಗುತ್ತಿರಬಹುದು ಎಂದು ಮನಸ್ಸು ನಕ್ಷೆ ಬಿಚ್ಚಿದಾಗಲೆಲ್ಲ ಓಂಕಾರಮೂರ್ತಿ ಎದ್ದು ಹಿತ್ತಲಿಗೆ ಹೋಗಿ ಮಲ್ಲಿಗೆ ಗಿಡದ ಬುಡ ಕೆದಕುತ್ತಿದ್ದರು. ಶನಿವಾರ ಮಧ್ಯಾಹ್ನ ಊಟ ಮುಗಿಸಿ ಕೂತಿದ್ದಾಗ ಗುರುತಿಲ್ಲದ ಉದ್ದನೆಯ ನಂಬರಿನಿಂದ ಫೋನ್ ಬಂತು.

"ಮೇಷ್ಟ್ರೇ, ನಾನು. ಬಂದೆ ಕಣ್ರೀ. ಕಿವಿ ನೋಯ್ತದೆ, ನಿಜ. ಹತ್ತೋವಾಗ್ಲೂ ಇಳಿಯೋವಾಗ್ಲೂ." ಹನುಮಂತಮ್ಮನ ದನಿ ಪಕ್ಕದ ಮನೆಯಿಂದ ಬಂದಷ್ಟು ಹತ್ತಿರವಿತ್ತು. ಅಲ್ಲಿಯ ಚಳಿ ಹೇಳಿದರು, ಮಾಯಾಳ ಊದಿದ ಕಾಲು ಹೇಳಿದರು, ದಾವಣಗೆರೆಯ ಹುಡುಗಿ ಕಿಟಕಿ ಪಕ್ಕ ಕೂರಿಸಿದ್ದು ಹೇಳಿದರು. ಆಮೇಲೆ ಸ್ವಲ್ಪ ತಡೆದು, "ಎಷ್ಟೊತ್ತು ಅಂತ ಎಣಿಸಿ ಹೇಳ್ತೀನಿ ಅಂದಿದ್ದೆ ನಿಮಗೆ. ಎಣಿಸಲಿಲ್ಲ. ಮೇಲೆ ಹೋದ್ಮೇಲೆ ಹೋಗ್ತಾ ಇದೀವಿ ಅಂತಲೇ ಅನ್ಸಲ್ಲ ಮೇಷ್ಟ್ರೇ. ಒಂದೇ ಕಡೆ ಕೂತಂಗೆ. ಕೆಳಗೆ ಬರೀ ಮೋಡ. ಮಾಡಕ್ಕೆ ಏನೂ ಕೆಲಸ ಇಲ್ಲ. ಅವಳು ಅವತ್ತು ಹಿಂಗೇ ಕೂತು ಬಂದ್ಲಲ್ಲ ಅಂತ ಅದೊಂದೇ ಯೋಚ್ನೆ. ನಾವು ಅಲ್ಲಿ ಎಲ್ಲಾ ಮುಗಿಸಿ, ಅಂಗಳ ತೊಳೆದು ಕೂತಿದ್ವಿ. ಅವಳು ಅಷ್ಟೊತ್ತೂ ಅವರಪ್ಪ ಇನ್ನೂ ಮನೇಲೇ ಅವ್ರೆ ಅಂತ ಅಂದ್ಕಂಡು ಕೂತಿದ್ಲು."

ಹನುಮಂತಮ್ಮ ಉತ್ತರಕ್ಕೆ ಕಾಯಲಿಲ್ಲ. "ಇಡ್ತೀನಿ. ಅವಳಿಗೆ ಗಂಜಿ ಕಾಸಬೇಕು" ಎಂದು ಇಟ್ಟರು.

ಒಳಗಿನಿಂದ ಗುರುಶಾಂತಮ್ಮ ಕೇಳಿದರು. "ಯಾರ್ರೀ? ಆಯಮ್ಮ ಸೇರಿದ್ರಂತಾ? ಎಷ್ಟೊತ್ತಾಯ್ತಂತೆ?"

"ಸೇರಿದ್ರಂತೆ" ಎಂದರು ಓಂಕಾರಮೂರ್ತಿ. ಉಳಿದ ಪ್ರಶ್ನೆಗೆ ಉತ್ತರ ಹುಡುಕುತ್ತ ಬಹಳ ಹೊತ್ತು ಹಾಗೇ ಕೂತಿದ್ದರು.